ಲೂರ್ದಮ್ಮನ ಕೈ, ಇನ್ನಾಸಪ್ಪನ ಹುಳಿ ವೈನ್

ಚರ್ಚಿನ ಹಿಂದಿನ ಬೀದಿಗೆಲ್ಲ ಇನ್ನಾಸಪ್ಪನೇ ವೈನಿನ ಗುರು. ಕ್ರಿಸ್ಮಸ್ ಹತ್ತಿರ ಬಂದರೆ ಆ ಬೀದಿಯ ಪ್ರತಿ ಮನೆಯಲ್ಲೂ ಕಜ್ಜಾಯ, ಕರ್ಜಿಕಾಯಿ, ಕೇಕು ಆಗುತ್ತಿತ್ತು. ವೈನ್ ಮಾತ್ರ ಇನ್ನಾಸಪ್ಪನ ಮನೆಯಿಂದಲೇ ಬರಬೇಕು. ಕಪ್ಪು ದ್ರಾಕ್ಷಿ ಹಿಚುಕಿ, ಸಕ್ಕರೆ, ಗೋಧಿ, ಚಕ್ಕೆ, ಲವಂಗ ಸೇರಿಸಿ, ಪಿಂಗಾಣಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅವನು ಹಾಕುತ್ತಿದ್ದ ವೈನ್ ಚೆನ್ನಾಗಿಯೇ ಇರುತ್ತಿತ್ತು. ಅದನ್ನು ಹೇಗೆ ಮಾಡುವುದೆಂದು ಯಾರಾದರೂ ಕೇಳಿದರೆ ಅವನು ಮೀಸೆಯಡಿಯಲ್ಲೇ ನಗುತ್ತಿದ್ದ.

"ಅದೆಲ್ಲ ಹೇಳಿಕೊಟ್ಟರೆ ಬರೋದಲ್ಲ. ಕೈಗುಣ ಬೇಕು," ಎನ್ನುತ್ತಿದ್ದ.

ಅವನ ಹೆಂಡತಿ ಸೆಲಿನಮ್ಮ. ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಮಗುಚಿಡುವವಳು ಅವಳು. ಸೌಟನ್ನೂ ಬಾಯಿಗೆ ಕಟ್ಟುವ ಬಟ್ಟೆಯನ್ನೂ ಬೇಯಿಸಿ ಒಣಗಿಸುವವಳೂ ಅವಳೇ. ಅದನ್ನು ಯಾರೂ ಕೈಗುಣ ಎಂದು ಕರೆದಿರಲಿಲ್ಲ. ಮನೆಗೆಲಸ ಎಂದು ಕರೆದಿದ್ದರು. ಅವಳಿಗೂ ಅದರ ಬಗ್ಗೆ ತಕರಾರಿರಲಿಲ್ಲ. ಗಂಡನ ಹೆಸರು ಊರಲ್ಲಿ ನಾಲ್ಕು ಜನರ ಬಾಯಲ್ಲಿ ಆಡಿದರೆ ಅವಳಿಗೂ ಹಿತವೇ ಆಗುತ್ತಿತ್ತು.

ಆ ವರ್ಷ ಚರ್ಚಿನ ಮಹಿಳಾ ಸಂಘದವರಿಗೆ ಒಂದು ಹೊಸ ಯೋಚನೆ ಬಂತು. ಮನೆಯಲ್ಲೇ ವೈನ್ ಮಾಡುವ ಕಿಟ್ ಎಂದು ಪೆಟ್ಟಿಗೆಯೊಂದು ಸಿಗುತ್ತದೆಂದು ಸಂಘದ ಅಧ್ಯಕ್ಷೆ ಆರೋಗ್ಯಮ್ಮ ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದಳು. ಅದರಲ್ಲಿ ದ್ರಾಕ್ಷಿಯ ಗಟ್ಟಿ ರಸದ ಚೀಲ, ಹುದುಗು ಬರಿಸುವ ಯೀಸ್ಟಿನ ಪೊಟ್ಟಣ, ಪಾತ್ರೆ ತೊಳೆಯುವ ಪುಡಿ, ಮುಚ್ಚಳವಿರುವ ದೊಡ್ಡ ಬಕೆಟ್ಟು, ಮುಚ್ಚಳಕ್ಕೆ ಸಿಕ್ಕಿಸುವ ಒಂದು ಬಗ್ಗಿದ ಕೊಳವೆ, ಎಲ್ಲ ಇರುತ್ತವೆ. ಹೇಗೆ ಮಾಡಬೇಕೆಂದು ಬರೆದ ಕಾಗದವೂ ಇರುತ್ತದೆ. ಅದು ನಿಜಕ್ಕೂ ಸರಿಹೋದರೆ ಮುಂದಿನ ವರ್ಷದಿಂದ ಪ್ರತಿ ಮನೆಯವರೂ ತಮ್ಮ ವೈನ್ ತಾವೇ ಮಾಡಿಕೊಳ್ಳಬಹುದು.

ಸಂಘದವರು ಪರೀಕ್ಷೆಗೆಂದು ಎರಡು ಕಿಟ್ ತರಿಸಿದರು.

"ಒಂದನ್ನು ಬಲ್ಲವರು ಮಾಡಲಿ, ಇನ್ನೊಂದನ್ನು ಏನೂ ಬಾರದವರು ಮಾಡಲಿ. ಆಗ ಗೊತ್ತಾಗುತ್ತೆ ಇದು ನಮ್ಮಂಥವರ ಕೈಲಿ ಆಗೋ ಕೆಲಸವಾ ಅಂತ," ಎಂದಳು ಆರೋಗ್ಯಮ್ಮ.

ಬಲ್ಲವರ ಕಿಟ್ ಇನ್ನಾಸಪ್ಪನಿಗೆ ಹೋಯಿತು. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಬಾರದವರ ಕಿಟ್ ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಹಾಳಾದರೆ ಸಂಘದ ಸಾಮಾನು ಹಾಳು ಮಾಡಿದ ಹೆಸರು ಯಾರಿಗೆ ಬೇಕು? ಕೊನೆಗೆ ಹಿಂದಿನ ಸಾಲಿನಿಂದ ಲೂರ್ದಮ್ಮ ಎದ್ದು ನಿಂತಳು.

"ನಾನು ಮಾಡಿ ನೋಡ್ತೀನಿ."

ಚರ್ಚಿನ ಪಕ್ಕದ ಹಾಲಿನಲ್ಲಿ ಸೇರಿದ್ದವರೆಲ್ಲ ಅವಳ ಕಡೆ ತಿರುಗಿದರು. ಆಮೇಲೆ ಗುಸುಗುಸು.

ಯಾಕೆ ಗುಸುಗುಸು ಎಂಬುದನ್ನೂ ಹೇಳಬೇಕು. ಲೂರ್ದಮ್ಮನ ಗಂಡ ಸಹಾಯಪ್ಪ ಅದೇ ವರ್ಷ ಈಸ್ಟರ್ ಕಳೆದ ಮೇಲೆ ಎದೆನೋವಿನಿಂದ ತೀರಿಕೊಂಡಿದ್ದ. ಅದಾದ ಸ್ವಲ್ಪ ದಿನಕ್ಕೆ ಸಂಘದಲ್ಲಿ ಎಲ್ಲರೂ ಕೂಡಿ ಹಾಕಿದ್ದ ಮಾವಿನ ಉಪ್ಪಿನಕಾಯಿಗೆ ಬೂಸ್ಟು ಬಂತು. ಹತ್ತಾರು ಕೈ ಸೇರಿ ಹೆಚ್ಚಿದ ಮಾವಿನಕಾಯಿ ಅದು. ಆದರೂ ಆ ಬೂಸ್ಟು ಲೂರ್ದಮ್ಮನ ಕೈಯಿಂದಲೇ ಬಂದದ್ದೆಂದು ಹೇಗೋ ಎಲ್ಲರಿಗೂ ತಿಳಿದುಹೋಯಿತು. ಯಾರೂ ಅವಳ ಎದುರಿಗೆ ಅನ್ನಲಿಲ್ಲ. ಮುಂದಿನ ಸಲ ಹಪ್ಪಳ ಮಾಡುವಾಗ, "ನೀನು ಕೂತ್ಕೋ ಲೂರ್ದಮ್ಮ, ದುಃಖದಲ್ಲಿದ್ದೀಯ," ಎಂದು ಹಿಟ್ಟಿನ ತಟ್ಟೆಯನ್ನು ಅವಳ ಮುಂದಿನಿಂದ ಸರಿಸಿದರು, ಅಷ್ಟೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಪ್ರತಿ ಭಾನುವಾರ ಕೈ ಜೋಡಿಸಿ ಹಾಡುವ ಬಾಯಿಗಳೇ ಅವು. ಗಂಡ ಸತ್ತವಳ ಕೈ ತಗುಲಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ಚರ್ಚಿನ ಯಾವ ಪಾದ್ರಿ ಸ್ವಾಮಿಗಳು ಬೋಧಿಸಿದ್ದರು?

ಅಂದು ಎದ್ದು ನಿಂತ ಲೂರ್ದಮ್ಮ ಗುಸುಗುಸು ಕೇಳಿಯೂ ಕೂರಲಿಲ್ಲ. ಬೇರೆ ಯಾರೂ ಏಳಲಿಲ್ಲವಾದ್ದರಿಂದ ಆರೋಗ್ಯಮ್ಮ ಕಿಟ್ ಅವಳಿಗೇ ಕೊಟ್ಟಳು.

ಇನ್ನಾಸಪ್ಪ ತನ್ನ ಪೆಟ್ಟಿಗೆಯನ್ನು ಮನೆಯ ನಡುಮನೆಯಲ್ಲಿ ಬಿಚ್ಚಿದ. ಬರೆದ ಕಾಗದವನ್ನು ಮಡಿಕೆ ಕೂಡ ಬಿಡಿಸದೆ ಬದಿಗೆ ಎಸೆದ.

"ನಾನು ವೈನ್ ಹಾಕೋಕೆ ಶುರುಮಾಡಿದಾಗ ಇದನ್ನು ಬರೆದವನು ಹುಟ್ಟಿದ್ದನೋ ಇಲ್ಲವೋ," ಎಂದ.

ಸೆಲಿನಮ್ಮ ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೊರಟಳು. "ತೊಳೆದು ತರ್ತೀನಿ, ಆಮೇಲೆ ಹಾಕೋರಂತೆ."

"ಹೊಸದು ಕಣೇ ಅದು. ಈಗ ತಾನೇ ಡಬ್ಬದಿಂದ ತೆಗೆದಿದ್ದೀನಿ. ಹೊಸ ಬಕೆಟ್ಟನ್ನ ಏನು ತೊಳೀತೀಯ?"

"ತೊಳೆಯೋಕೆ ಅಂತಲೇ ಪುಡಿ ಕೊಟ್ಟಿದ್ದಾರಲ್ಲ."

"ಕೊಟ್ಟಿದ್ದಾರೆ ಅಂತ ಎಲ್ಲ ಹಾಕಬೇಕಾ? ಇಡು ಇಲ್ಲಿ."

ಅವನು ರಸ ಸುರಿದ, ನೀರು ಸುರಿದ, ಯೀಸ್ಟು ಉದುರಿಸಿದ. ಮುಚ್ಚಳಕ್ಕೆ ಸಿಕ್ಕಿಸುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದೇನು ಆಸ್ಪತ್ರೆ ಸಾಮಾನು," ಎಂದು ಗೂಡಿನಲ್ಲಿಟ್ಟ. ಮುಚ್ಚಳದ ಬದಲು ತನ್ನ ಹಳೆಯ ಪಂಚೆಯ ತುಂಡೊಂದನ್ನು ಬಕೆಟ್ಟಿನ ಬಾಯಿಗೆ ಕಟ್ಟಿದ. ಭರಣಿಗೆ ಹಾಗೆಯೇ ಕಟ್ಟಿ ಅಭ್ಯಾಸ ಅವನಿಗೆ.

ಬಕೆಟ್ಟು ಸಾಮಾನು ಕೋಣೆ ಸೇರಿತು. ಆಮೇಲೆ ಶುರುವಾಯಿತು ನೋಡಿ ಯಾತ್ರೆ. ಮನೆಗೆ ಬಂದವರನ್ನೆಲ್ಲ ಇನ್ನಾಸಪ್ಪ ಆ ಕೋಣೆಗೆ ಕರೆದೊಯ್ಯುವನು. ಬಕೆಟ್ಟಿಗೆ ಕಟ್ಟಿದ ಬಟ್ಟೆ ಬಿಚ್ಚುವನು, ಮೂಸಿಸುವನು, ಸೌಟಿನಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಮುಟ್ಟಿಸಿ ಅದೇ ಸೌಟನ್ನು ಮತ್ತೆ ಒಳಗೆ ಅದ್ದುವನು. ಹಾಲಿನವನು ನೋಡಿದ, ಗ್ಯಾಸಿನವನು ನೋಡಿದ, ಚರ್ಚಿನ ಗಂಟೆ ಬಾರಿಸುವವನು ಎರಡು ಸಲ ನೋಡಿದ. ಬಟ್ಟೆಯ ಸುತ್ತ ಸಣ್ಣ ನೊಣಗಳು ಗುಂಯ್ಗುಟ್ಟತೊಡಗಿದವು.

"ರೀ, ಹೀಗೆ ದಿನಾ ತೆರೆದರೆ ಕೆಟ್ಟೀತು," ಎಂದಳು ಸೆಲಿನಮ್ಮ.

"ನನಗೆ ಹೇಳಿಕೊಡೋಕೆ ಬಂದೆಯಾ?" ಎಂದ ಅವನು.

ಒಂದು ಸಂಜೆ ಸೆಲಿನಮ್ಮ ಲೂರ್ದಮ್ಮನ ಮನೆಗೆ ಹೋದಳು. ಅವಳು ಹೇಗೆ ಮಾಡುತ್ತಿದ್ದಾಳೋ ನೋಡುವ ಕುತೂಹಲ. ಲೂರ್ದಮ್ಮ ಕಿಟ್ಟಿನ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಒಂದೊಂದು ಸಾಲನ್ನೂ ಓದಿಕೊಂಡೇ ಒಂದೊಂದು ಕೆಲಸ ಮಾಡಿದ್ದಳು. ಬಕೆಟ್ಟು, ಮುಚ್ಚಳ, ಕೊಳವೆ, ಕಲಕುವ ಸೌಟು ಎಲ್ಲವನ್ನೂ ಪುಡಿ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆದಿದ್ದಳು. ತನ್ನ ಕೈಗಳನ್ನು ಮೊಣಕೈವರೆಗೆ ಉಜ್ಜಿ ತೊಳೆದಿದ್ದಳು. ಮಗುವಿಗೆ ಸ್ನಾನ ಮಾಡಿಸುವ ನೀರಿನಂತೆ ಉಗುರುಬೆಚ್ಚಗಿದೆಯೇ ಎಂದು ಮುಂಗೈಗೆ ತಾಗಿಸಿ ನೋಡಿ ನೀರು ಬೆರೆಸಿದ್ದಳು. ಮುಚ್ಚಳದ ಮೇಲಿನ ಬಗ್ಗಿದ ಕೊಳವೆಯಲ್ಲಿ ಸ್ವಲ್ಪ ನೀರು ನಿಂತಿತ್ತು. ಒಳಗಿನ ಗಾಳಿ ಆ ನೀರಿನಲ್ಲಿ ಗುಳುಗುಳು ಎಂದು ಗುಳ್ಳೆಯಾಗಿ ಹೊರಗೆ ಬರುತ್ತಿತ್ತು. ಹೊರಗಿನ ಗಾಳಿ ಒಳಗೆ ಹೋಗಲು ದಾರಿಯಿರಲಿಲ್ಲ.

"ತೆರೆದು ನೋಡಬೇಕು ಅಂತ ಜೀವ ತಹತಹ ಅನ್ನುತ್ತೆ ಅಕ್ಕ," ಎಂದಳು ಲೂರ್ದಮ್ಮ. "ಸುಮ್ಮಸುಮ್ಮನೆ ತೆರೆಯಬೇಡಿ ಅಂತ ಬರೆದಿದ್ದಾರೆ. ಅದಕ್ಕೆ ಪಕ್ಕದಲ್ಲಿ ಕೂತು ಗುಳುಗುಳು ಕೇಳ್ತೀನಿ. ಮನೇಲಿ ಇನ್ನೊಬ್ಬರು ಇದ್ದ ಹಾಗೆ ಅನ್ನಿಸುತ್ತೆ."

ಸೆಲಿನಮ್ಮ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬಂದಳು. ಆ ಮನೆಯ ಅಡುಗೆಕೋಣೆಯಲ್ಲಿ ಒಂದು ನೊಣವೂ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ಗುಳ್ಳೆ ಏಳುವುದು ಕಡಿಮೆಯಾಯಿತು. ಲೂರ್ದಮ್ಮನಿಗೆ ಅನುಮಾನ ಬಂತು. ಇದು ಹುದುಗು ಮುಗಿದ ಲಕ್ಷಣವೋ ಏನಾದರೂ ಕೆಟ್ಟ ಲಕ್ಷಣವೋ? ಬಲ್ಲವರನ್ನು ಕೇಳೋಣವೆಂದು ಇನ್ನಾಸಪ್ಪನ ಮನೆಗೆ ಬಂದಳು. ಹೊರಗೆ ತುಂತುರು ಹನಿಯುತ್ತಿತ್ತು. ಒದ್ದೆ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ಬಾಮ್ಮ, ನಮ್ಮದನ್ನ ನೋಡು. ನೋಡಿದರೆ ಗೊತ್ತಾಗುತ್ತೆ," ಎಂದು ಇನ್ನಾಸಪ್ಪನೇ ಅವಳನ್ನು ಸಾಮಾನು ಕೋಣೆಯವರೆಗೆ ಕರೆದೊಯ್ದ. ಅವಳು ಕೋಣೆಯ ಹೊಸ್ತಿಲು ದಾಟಲಿಲ್ಲ. ಇವನೇ ಬಕೆಟ್ಟಿನ ಬಟ್ಟೆ ಬಿಚ್ಚಿದ. ಸೌಟು ಅದ್ದಿ ತೆಗೆದ.

"ಅಣ್ಣ, ಹೀಗೆ ತೆರೆದಿಟ್ಟರೆ ಗಾಳಿ ಹೋಗಿ ಹುಳಿಯಾಗುತ್ತೆ ಅಂತ ಅದರಲ್ಲಿ ಬರೆದಿದೆಯಲ್ಲ?" ಎಂದು ಅವಳು ಮೆಲ್ಲಗೆ ಕೇಳಿದಳು.

ಇನ್ನಾಸಪ್ಪನ ಮುಖ ಬಿಗಿದುಕೊಂಡಿತು. "ಗುಳ್ಳೆ ನಿಂತರೆ ಹುದುಗು ಮುಗೀತು ಅಂತ. ಗಷ್ಟು ತಳದಲ್ಲೇ ಬಿಟ್ಟು ಮೇಲಿನ ತಿಳಿಯನ್ನ ಬೇರೆ ಪಾತ್ರೆಗೆ ಇಳಿಸಿಕೋ. ಹೋಗು," ಎಂದ. ಅವಳು ನಮಸ್ಕಾರ ಹೇಳಿ ಹೋದಳು. ಇದೆಲ್ಲ ನಡೆಯುವಾಗ ಸೆಲಿನಮ್ಮ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು.

ರುಚಿ ನೋಡುವ ದಿನವೆಂದು ಒಂದು ಭಾನುವಾರ ಗೊತ್ತಾಯಿತು. ಬೆಳಗಿನ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಹಾಲಿನಲ್ಲಿ ಎಲ್ಲರೂ ಸೇರುವುದು. ಅಂದು ಬೆಳಿಗ್ಗೆ ಬಾಟಲಿಗೆ ತುಂಬಲು ಇನ್ನಾಸಪ್ಪ ಬಕೆಟ್ಟಿನ ಬಟ್ಟೆ ಬಿಚ್ಚಿದ. ಒಂದು ಗುಟುಕು ಕುಡಿದವನು ಕೂಡಲೇ ಉಗುಳಿದ. ಸೆಲಿನಮ್ಮನೂ ನಾಲಿಗೆಗೆ ಮುಟ್ಟಿಸಿಕೊಂಡಳು. ವೈನ್ ಆಗಿರಲಿಲ್ಲ ಅದು, ವಿನಿಗರ್ ಆಗಿತ್ತು. ಹಲ್ಲು ಜುಂ ಎನ್ನುವಷ್ಟು ಹುಳಿ.

ಇನ್ನಾಸಪ್ಪ ಬಕೆಟ್ಟಿನ ಮುಂದೆ ಮಣೆಯ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಸೆಲಿನಮ್ಮನಿಗೆ ಪಾಪ ಎನ್ನಿಸಿತು.

"ಹೋಗಲಿ ಬಿಡಿ. ಕೆಟ್ಟುಹೋಯ್ತು ಅಂತ ಹೇಳಿದರಾಯ್ತು. ಹೊಸ ಬಗೆ, ಮೊದಲನೇ ಸಲ. ಯಾರು ಏನಂತಾರೆ?" ಎಂದಳು.

"ಎಲ್ಲರೂ ಅಂತಾರೆ. ಇಷ್ಟು ವರ್ಷದ ಹೆಸರು ನನ್ನದು."

"ಹೆಸರು ಒಂದು ಬಕೆಟ್ಟಿನಲ್ಲಿ ಮುಳುಗಿಹೋಗುತ್ತಾ? ಹೇಳಿಬಿಡಿ."

ಅವನು ಒಂದು ಬಾಟಲಿ ತುಂಬಿಕೊಂಡು ಎದ್ದ. ಹೇಳುತ್ತಾನೆಂದೇ ಅವಳು ತಿಳಿದಳು.

ಹಾಲಿನಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಲೂರ್ದಮ್ಮ ಆಗಲೇ ಬಂದಿದ್ದಳು. ಅವಳ ಬಾಟಲಿಗಳು ಒಂದು ಬುಟ್ಟಿಯಲ್ಲಿದ್ದವು. ಕಿಟಕಿಯ ಬಿಸಿಲು ಬಿದ್ದು ಒಳಗಿನ ಕೆಂಪು ತಿಳಿಯಾಗಿ ಹೊಳೆಯುತ್ತಿತ್ತು. ಮೊದಲು ಹಿರಿಯರದ್ದಾಗಲಿ ಎಂದು ಆರೋಗ್ಯಮ್ಮ ಇನ್ನಾಸಪ್ಪನ ಬಾಟಲಿಯಿಂದ ಸಣ್ಣ ಲೋಟಗಳಿಗೆ ಬಗ್ಗಿಸಿ ಹಂಚಿದಳು. ಕುಡಿದವರು ಮುಖ ಕಿವುಚಿದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಎಲ್ಲರೂ ಇನ್ನಾಸಪ್ಪನನ್ನೇ ನೋಡಿದರು.

ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ನಾನು ಸರಿಯಾಗಿಯೇ ಹಾಕಿದ್ದೆ. ದಿನಾ ನೋಡ್ತಿದ್ದೆ, ಒಳ್ಳೇ ಪರಿಮಳ ಬರ್ತಿತ್ತು. ನಾನು ಯಾರ ಹೆಸರೂ ಹೇಳಲ್ಲ. ಒಂದು ದಿನ ಒಬ್ಬರು ನಮ್ಮ ಮನೆಗೆ ಬಂದರು. ಪಾತ್ರೆಯ ಮೇಲೆ ಬಗ್ಗಿ ನೋಡಿದರು. ಅವತ್ತಿನಿಂದ ಅದು ತಿರುಗಿಬಿಡ್ತು. ಏನು ಮಾಡೋದು? ಕೆಲವರ ಕೈ, ಕೆಲವರ ಕಣ್ಣು ಹಾಗೆ. ಅವರನ್ನ ಅಂದು ಪ್ರಯೋಜನ ಇಲ್ಲ," ಎಂದ.

ಹೆಸರು ಹೇಳುವುದಿಲ್ಲವಂತೆ. ಎಷ್ಟು ದೊಡ್ಡ ಮನಸ್ಸು ನೋಡಿ. ಹೆಸರು ಹೇಳಿದ್ದರೆ ಅವಳು ಎದ್ದು ಇಲ್ಲ ಎಂದಾದರೂ ಹೇಳಬಹುದಿತ್ತು. ಹೇಳದೆ ಬಿಟ್ಟಿದ್ದರಿಂದ ಹಾಲಿನಲ್ಲಿದ್ದ ಕಣ್ಣುಗಳೆಲ್ಲ ತಾವಾಗಿಯೇ ಲೂರ್ದಮ್ಮನ ಕಡೆ ತಿರುಗಿದವು.

"ನಾನು ಅವತ್ತೇ ಅಂದುಕೊಂಡೆ," ಎಂದರು ಹಿಂದಿನಿಂದ ಯಾರೋ. "ಉಪ್ಪಿನಕಾಯಿಗೂ ಹೀಗೇ ಆಗಿತ್ತು," ಎಂದರು ಇನ್ಯಾರೋ.

ಆರೋಗ್ಯಮ್ಮ ಲೂರ್ದಮ್ಮನ ಬುಟ್ಟಿಯನ್ನು ಮೇಜಿನ ತುದಿಗೆ ಮೆಲ್ಲಗೆ ಸರಿಸಿದಳು. "ಬೇಜಾರು ಮಾಡ್ಕೋಬೇಡ ಕಣಮ್ಮ. ಹಬ್ಬದ ದಿನಗಳು. ಮಕ್ಕಳುಮರಿ ಇರೋ ಮನೆಗಳು. ನಿನ್ನದು ಸದ್ಯಕ್ಕೆ ಇರಲಿ. ಇನ್ನೊಂದು ದಿನ ನೋಡೋಣ," ಎಂದಳು.

ಬಾಟಲಿಯ ಬಿರಡೆ ಕೂಡ ಯಾರೂ ತೆಗೆದಿರಲಿಲ್ಲ. ಒಂದು ಹನಿಯನ್ನೂ ಯಾರೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಹುಳಿಯಾದದ್ದು ಇನ್ನಾಸಪ್ಪನ ವೈನ್. ಆಚೆ ತಳ್ಳಿಸಿಕೊಂಡದ್ದು ಲೂರ್ದಮ್ಮನ ಬುಟ್ಟಿ.

ಲೂರ್ದಮ್ಮ ಅಳಲಿಲ್ಲ. ಎದ್ದು ಬಂದು ಬುಟ್ಟಿ ಎತ್ತಿಕೊಂಡಳು. ಹಾಲಿನ ಒಂದು ಬದಿಯಲ್ಲಿದ್ದ ಕೈತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಒಂದು ಬಾಟಲಿಯ ಬಿರಡೆ ತಿರುಗಿಸಿದಳು. ಅವಳು ಅದನ್ನು ಸುರಿದುಬಿಡಲಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು. ಯಾರೂ ಬೇಡವೆನ್ನಲಿಲ್ಲ.

ಸೆಲಿನಮ್ಮ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೊದಲು ಅವಳಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಆಮೇಲೆ ಸಿಟ್ಟು ಬಂತು. ಛತ್ರಿ ಹಿಡಿದು ಹೊಸ್ತಿಲಾಚೆ ನಿಂತಿದ್ದ ಹೆಂಗಸನ್ನು ಪಾತ್ರೆಯ ಮೇಲೆ ಬಗ್ಗಿದಳು ಎನ್ನುವುದೇ? ಬಕೆಟ್ಟಿನ ಬಟ್ಟೆ ಬಿಚ್ಚಿದವನು ಇವನು. ಸೌಟು ಎಂಜಲು ಮಾಡಿ ಅದ್ದಿದವನು ಇವನು. ಎಚ್ಚರಿಸಿದ್ದೇ ಅವಳು. ಗಂಡ ಸತ್ತು ವರ್ಷ ತುಂಬದವಳ ತಲೆಯ ಮೇಲೆ ಇಂಥ ಮಾತು ಹೊರಿಸಿದರೆ ಅದನ್ನು ಅವಳು ಸಾಯುವ ತನಕ ಹೊರಬೇಕು. ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಎಲ್ಲ ಕಡೆಯೂ ಅವಳ ಮುಂದಿನಿಂದ ತಟ್ಟೆ ಸರಿಯುತ್ತದೆ. ಒಂದು ಬಕೆಟ್ಟು ವೈನಿಗಾಗಿ.

ಇಷ್ಟಾದರೂ ಅವಳು ತಕ್ಷಣ ಏಳಲಿಲ್ಲ. ಏಳುವುದು ಸುಲಭವಲ್ಲ. ಪಕ್ಕದಲ್ಲಿ ನಿಂತವನು ಕಟ್ಟಿಕೊಂಡ ಗಂಡ. ಸಂಜೆ ಅವನಿಗೇ ಊಟ ಬಡಿಸಬೇಕು. ಹತ್ತು ಜನರ ಮುಂದೆ ಗಂಡನನ್ನು ಸುಳ್ಳುಗಾರ ಎಂದವಳಿಗೆ ಊರು ಏನು ಹೆಸರಿಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ.

ತೊಟ್ಟಿಗೆ ಮೊದಲ ಹನಿಗಳು ಬಿದ್ದವು. ಅದರ ಪರಿಮಳ ಹಾಲಿಗೆಲ್ಲ ಬಂತು.

ಸೆಲಿನಮ್ಮ ಎದ್ದಳು. ನೇರ ಹೋಗಿ ಲೂರ್ದಮ್ಮನ ಮುಂಗೈ ಹಿಡಿದು ಬಾಟಲಿಯನ್ನು ನೆಟ್ಟಗೆ ಮಾಡಿದಳು.

"ಸುರೀಬೇಡ. ಕೊಡು ಇಲ್ಲಿ."

ಮೇಜಿನ ಮೇಲಿನ ಒಂದು ಲೋಟ ತೊಳೆದು ಅದಕ್ಕೆ ಬಗ್ಗಿಸಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಕೊನೆಯ ಹನಿಯವರೆಗೂ ಕುಡಿದಳು. ಲೋಟವನ್ನು ಕೆಳಗಿಟ್ಟಳು.

"ಚೆನ್ನಾಗಿದೆ," ಎಂದಳು. "ಈಗ ನಾನು ಹೇಳೋದು ಕೇಳಿ. ಅವತ್ತು ನಾನು ಮನೇಲೇ ಇದ್ದೆ. ಲೂರ್ದಮ್ಮ ಪಾತ್ರೆ ಮುಟ್ಟಲಿಲ್ಲ. ಕೋಣೆಯ ಒಳಗೂ ಬರಲಿಲ್ಲ. ಒಳಗೆ ಬಾ ಅಂತ ಕರೆದದ್ದು ನನ್ನ ಯಜಮಾನರು, ಬಕೆಟ್ಟಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೂ ಅವರೇ. ಬಕೆಟ್ಟು ತೊಳೆಯಲಿಲ್ಲ. ಮುಚ್ಚಳ ಹಾಕಲಿಲ್ಲ. ಬಂದೋರಿಗೆಲ್ಲ ತೆರೆದು ತೋರಿಸಿದರು. ನಿಮ್ಮಲ್ಲೂ ಎಷ್ಟೋ ಜನ ನೋಡಿದ್ದೀರಿ, ಸೌಟಲ್ಲಿ ರುಚಿನೂ ನೋಡಿದ್ದೀರಿ. ಹಾಗಾದರೆ ನಿಮ್ಮ ಕೈಯಿಂದ ಯಾಕೆ ಕೆಡಲಿಲ್ಲ? ಗಂಡ ಬದುಕಿದ್ದಾನೆ ಅಂತಾನಾ?"



"ಸೆಲಿನಾ, ಕೂತ್ಕೋ," ಎಂದ ಇನ್ನಾಸಪ್ಪ ಹಲ್ಲು ಕಚ್ಚಿ.

"ಕೂರ್ತೀನಿ. ಮಾತು ಮುಗಿದ ಮೇಲೆ," ಎಂದಳು ಅವಳು. "ಆರೋಗ್ಯಮ್ಮನೋರೇ, ಪರೀಕ್ಷೆ ಅಂತ ತಾನೇ ಎರಡು ಕಿಟ್ ತರಿಸಿದ್ದು? ಒಂದರ ರುಚಿ ನೋಡಿ ಇನ್ನೊಂದಕ್ಕೆ ತೀರ್ಪು ಕೊಡೋದು ಯಾವ ಪರೀಕ್ಷೆ?"

ಆರೋಗ್ಯಮ್ಮನ ಮುಖ ಕೆಂಪಾಯಿತು. ಅವಳು ಕೆಟ್ಟವಳಲ್ಲ. ಎಲ್ಲರೂ ಒಂದು ಕಡೆ ವಾಲಿದಾಗ ತಾನೂ ವಾಲುವ ಪೈಕಿ. ಈಗ ಅವಳೇ ಕೈ ಚಾಚಿ ಲೂರ್ದಮ್ಮನ ಬಾಟಲಿಯಿಂದ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಮತ್ತೊಂದು ಗುಟುಕು ಕುಡಿದಳು. ಪಕ್ಕದವಳಿಗೆ ಕೊಟ್ಟಳು. ತೊಟ್ಟಿಯ ಹತ್ತಿರವಿದ್ದ ಬುಟ್ಟಿ ಮೇಜಿನ ನಡುವಿಗೆ ಬಂತು. ಬಾಟಲಿಗಳು ಖಾಲಿಯಾಗತೊಡಗಿದವು.

ಜನರ ನಾಲಿಗೆ ಎಷ್ಟು ಬೇಗ ಹೊರಳುತ್ತದೆ ನೋಡಿ. ಉಪ್ಪಿನಕಾಯಿಯ ಮಾತೆತ್ತಿದವಳೇ ಈಗ, "ಎಂಥ ಕೈಗುಣ ಲೂರ್ದಮ್ಮ ನಿನ್ನದು. ಮುಂದಿನ ವರ್ಷ ನಮ್ಮ ಮನೇದೂ ನೀನೇ ಹಾಕಿಕೊಡಬೇಕು," ಎಂದಳು.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಲೂರ್ದಮ್ಮ ಆಗ ಬಾಯಿ ತೆರೆದಳು.

"ನನ್ನ ಕೈಯಲ್ಲಿ ದೋಷವೂ ಇಲ್ಲ, ಗುಣವೂ ಇಲ್ಲ. ಕೈ ತೊಳ್ಕೊಂಡಿದ್ದೆ, ಅಷ್ಟೆ. ನೀವೂ ತೊಳ್ಕೊಂಡು ಮಾಡಿ, ಬರುತ್ತೆ."

ಬುಟ್ಟಿ ಎತ್ತಿಕೊಂಡು ಅವಳು ಹೊರಟುಹೋದಳು. ತಡೆದು ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮನೆಗೆ ಬಂದ ಇನ್ನಾಸಪ್ಪ ಚಪ್ಪಲಿಯನ್ನು ಬಿಟ್ಟ ರಭಸಕ್ಕೆ ಅದು ಗೋಡೆಗೆ ಹೋಗಿ ಬಡಿಯಿತು.

"ಊರ ಮುಂದೆ ನನ್ನ ಮಾನ ತೆಗೆದೆಯಲ್ಲ. ನೀನು ನನ್ನ ಹೆಂಡತಿಯಾ?"

"ಹೆಂಡತಿ ಅಂತಲೇ ಬೆಳಿಗ್ಗೆ ಹೇಳಿದ್ದೆ, ಕೆಟ್ಟುಹೋಯ್ತು ಅಂದುಬಿಡಿ ಅಂತ," ಎಂದಳು ಸೆಲಿನಮ್ಮ. "ಅಂದಿದ್ದರೆ ನಿಮ್ಮ ವೈನ್ ಮಾತ್ರ ಹೋಗ್ತಿತ್ತು. ಮಾನ ನೀವಾಗಿ ಕಳ್ಕೊಂಡದ್ದು. ಅದನ್ನ ಉಳಿಸೋಕೆ ಅವಳದ್ದನ್ನ ಕೊಡಬೇಕಿತ್ತಾ ನಾನು?"

ಅವನು ಮಾತು ಬಿಟ್ಟ. ಹಾಕಿದ್ದನ್ನು ಉಣ್ಣುವನು, ತಟ್ಟೆ ಸರಿಸಿ ಏಳುವನು. ಸೆಲಿನಮ್ಮನೂ ಮಾತಾಡಿಸಲು ಹೋಗಲಿಲ್ಲ. ಅವಳಿಗೆ ಸಂಕಟವಾಗಲಿಲ್ಲವೆಂದಲ್ಲ. ಒಲೆಯ ಮುಂದೆ ನಿಂತಾಗ ಕಣ್ಣು ತುಂಬುತ್ತಿತ್ತು. ಆದರೆ ಆ ಬಾಟಲಿ ತೊಟ್ಟಿಯ ಮೇಲೆ ವಾಲಿದ್ದನ್ನು ನೆನೆದಾಗಲೆಲ್ಲ ಆ ಸಿಟ್ಟು ಮತ್ತೆ ಏಳುತ್ತಿತ್ತು. ತಾನು ಆಡಿದ್ದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಹುಳಿಯಾದ ಬಕೆಟ್ಟು ಸಾಮಾನು ಕೋಣೆಯಲ್ಲೇ ಇತ್ತು. ಅದನ್ನು ಚೆಲ್ಲುವಂತೆ ಅವನು ಹೇಳಲಿಲ್ಲ, ಅವಳು ಚೆಲ್ಲಲೂ ಇಲ್ಲ. ದಿನವೂ ಅದರ ವಾಸನೆ ಮನೆಯಲ್ಲೆಲ್ಲ ಸುತ್ತುತ್ತಿತ್ತು. ಅದರ ಮುಂದೆ ಕೂತು ಊಟ ಮಾಡುವುದು ಇನ್ನಾಸಪ್ಪನಿಗೆ ಕಷ್ಟವಾಯಿತೋ, ಬೀದಿಯಲ್ಲಿ ಜನ ಮುಂಚಿನಂತೆ ನಿಂತು ಮಾತಾಡಿಸದಿದ್ದುದು ಕಷ್ಟವಾಯಿತೋ, ದೇವರೇ ಬಲ್ಲ. ಒಂದು ಮಧ್ಯಾಹ್ನ ಅವನೇ ಬಕೆಟ್ಟನ್ನು ಹಿತ್ತಲಿಗೆ ಎಳೆದೊಯ್ದು ಚೆಲ್ಲಿದ. ಆಮೇಲೆ ಅಂಗಿ ತೊಟ್ಟುಕೊಂಡು, "ಬಾ ನನ್ನ ಜೊತೆ," ಎಂದ. ಎಲ್ಲಿಗೆ ಎಂದು ಸೆಲಿನಮ್ಮ ಕೇಳಲಿಲ್ಲ.

ಲೂರ್ದಮ್ಮ ಬಾಗಿಲು ತೆರೆದಳು. ಒಳಗೆ ಬನ್ನಿ ಎನ್ನಲಿಲ್ಲ.

"ತಪ್ಪಾಯ್ತಮ್ಮ," ಎಂದ ಇನ್ನಾಸಪ್ಪ, ನೆಲ ನೋಡುತ್ತ. "ಅವತ್ತು ನಾನು ಹಾಗೆ ಅನ್ನಬಾರದಿತ್ತು. ಮನಸ್ಸಲ್ಲಿ ಇಟ್ಕೋಬೇಡ."

ಬಹಳ ಜನ ಇಂಥ ಹೊತ್ತಿನಲ್ಲಿ ಹೋಗಲಿ ಬಿಡಿ ಎನ್ನುತ್ತಾರೆ. ಹಾಗೆ ಎನ್ನುವುದೇ ದೊಡ್ಡತನ ಎಂದು ನಮಗೆಲ್ಲ ಕಲಿಸಿಬಿಟ್ಟಿದ್ದಾರೆ. ಅವಳು ಹಾಗೆ ಎನ್ನಲಿಲ್ಲ.

"ಅಣ್ಣ, ಈ ಬಾಗಿಲಲ್ಲಿ ನಿಂತು ಹೇಳಿದರೆ ನನಗೊಬ್ಬಳಿಗೇ ಕೇಳುತ್ತೆ. ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ? ನಾನು ಮುಟ್ಟಲಿಲ್ಲ ಅಂತ ನನಗೆ ಗೊತ್ತು. ನೀವು ಅಂದದ್ದು ಎಲ್ಲರ ಮುಂದೆ. ಇದನ್ನೂ ಅಲ್ಲೇ ಹೇಳಿ."

ಇನ್ನಾಸಪ್ಪ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ಅವಳಾದರೂ ತನ್ನ ಪರವಾಗಿ ಒಂದು ಮಾತು ಆಡಿಯಾಳೆಂದು. ಸೆಲಿನಮ್ಮ ಲೂರ್ದಮ್ಮನನ್ನೇ ನೋಡುತ್ತಿದ್ದಳು.

"ಅವಳು ಕೇಳ್ತಿರೋದು ಸರಿಯಾಗಿದೆ," ಎಂದಳು.

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ, ಪೂಜೆ ಮುಗಿದು ಜನ ಹಾಲಿನಲ್ಲಿ ಸೇರಿದ್ದಾಗ, ಇನ್ನಾಸಪ್ಪ ಎದ್ದು ನಿಂತ. ಈ ಸಲ ಅವನು ಹೆಸರು ಹಿಡಿದೇ ಹೇಳಿದ.

"ನನ್ನ ವೈನ್ ಕೆಟ್ಟದ್ದು ನನ್ನಿಂದ. ಲೂರ್ದಮ್ಮನಿಂದ ಅಲ್ಲ. ನಾನು ಸುಳ್ಳು ಹೇಳಿದೆ. ಹೆಸರು ಹೋಗುತ್ತೆ ಅಂತ ಹೆದರಿ ಲೂರ್ದಮ್ಮನ ಮೇಲೆ ಹಾಕಿದೆ. ಅವಳ ಮೇಲೆ ಹಾಕಿದರೆ ನೀವೆಲ್ಲ ನಂಬ್ತೀರಿ ಅಂತ ನನಗೆ ಗೊತ್ತಿತ್ತು."

ಕೊನೆಯ ಮಾತು ಹಾಲಿನಲ್ಲಿದ್ದ ಎಲ್ಲರ ಕೆನ್ನೆಗೂ ತಾಗಿತು. ಆರೋಗ್ಯಮ್ಮ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಉಪ್ಪಿನಕಾಯಿಯ ಮಾತಾಡಿದವಳು ಕಿಟಕಿಯಾಚೆ ನೋಡಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಲೂರ್ದಮ್ಮ ನಗಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಸಾಕು ಎಂಬಂತೆ ಒಂದು ಸಲ ತಲೆಯಾಡಿಸಿದಳು.

ಸೆಲಿನಮ್ಮ ಗಂಡನ ಪಕ್ಕ ಬಿಟ್ಟೆದ್ದು ಹಿಂದಿನ ಸಾಲಿಗೆ ಹೋಗಿ ಲೂರ್ದಮ್ಮನ ಪಕ್ಕ ಕೂತಳು.

ನೀತಿ: ತಪ್ಪು ಮಾಡುವುದು ನಾಚಿಕೆಯ ವಿಷಯವಲ್ಲ. ಕೈ ತೊಳೆದು ಮತ್ತೆ ಶುರುಮಾಡಬಹುದು. ನಾಚಿಕೆಗೇಡು ಯಾವುದೆಂದರೆ, ತನ್ನ ತಪ್ಪನ್ನು ಎದುರಾಡಲಾರದವರ ಹಣೆಬರಹಕ್ಕೆ ಅಂಟಿಸುವುದು. ಅದನ್ನು ಕಂಡೂ ಸುಮ್ಮನೆ ಕೂತವರು ಆ ಸುಳ್ಳಿನ ಪಾಲುದಾರರು. ಹತ್ತು ಜನರ ಮುಂದೆ ಹೊರಿಸಿದ ಕಳಂಕವನ್ನು ಹತ್ತು ಜನರ ಮುಂದೆಯೇ ಇಳಿಸಬೇಕು, ಬಾಗಿಲ ಮರೆಯಲ್ಲಲ್ಲ.